ನೇಕಾರ ಓಣಿಯ ಮನೆಗೂಗು

ಮಧ್ಯಾಹ್ನ ನೇಕಾರ ಓಣಿಯ ಮನೆಮನೆಯಲ್ಲೂ ಗೋಡೆಯ ಮೇಲಿನ ಪೆಟ್ಟಿಗೆ ಒಮ್ಮೆಲೇ ಬಾಯಿ ತೆರೆಯಿತು, ಅದೂ ಓಣಿಯ ಮಾತಿನಲ್ಲೇ: "ಹೊಳಿ ಒಡ್ಡು ದಾಟಾಕತ್ತೈತಿ. ಎಲ್ಲಾರೂ ಗುಡ್ಡದ ಮ್ಯಾಲಿನ ಕನ್ನಡ ಸಾಲಿಗೆ ನಡೀರಿ. ಹೊಂಟೀವಿ ಅಂತ ಹೇಳ್ರಿ!" ನಗರಸಭೆಯ ರಕ್ಷಣಾ ಕೋಣೆಯಲ್ಲಿ ವಿಜ್ಞಾನಿ ಮೃಣಾಲಿನಿ ಬೆಂಡಿಗೇರಿ ಉಸಿರು ಬಿಗಿಹಿಡಿದು ಕೂತಿದ್ದಳು. ಪರದೆಯ ಮೇಲಿನ ಕೆಂಪು ಚುಕ್ಕೆಗಳು ಒಂದೊಂದಾಗಿ ಹಸಿರಾದವು.

ಮನೆಗೂಗು ಎಂಬ ಈ ಎಚ್ಚರಿಕೆ ಜಾಲ ಅವಳ ಕೂಸು. ಹೊಳೆಯ ತಳದಲ್ಲಿ ಹುಗಿದ ನೆರೆಗಣ್ಣು ಎಂಬ ಮಾಪಕಗಳು ನೀರಿನ ಒತ್ತಡವನ್ನು ಅಳೆದು ಕಳಿಸುತ್ತವೆ. ಗಣಕಮೆದುಳು ಯಾವ ಓಣಿಗೆ ನೀರು ಯಾವಾಗ ನುಗ್ಗುತ್ತದೆಂದು ಕಂಡುಕೊಂಡು ಆಯಾ ಮನೆಯನ್ನೇ ಕೂಗಿ ಎಚ್ಚರಿಸುತ್ತದೆ. ಮನುಷ್ಯರ ಒಪ್ಪುದನಿ ಪೆಟ್ಟಿಗೆಗೆ ಕೇಳಿಸಿದರೆ ಮಾತ್ರ ಆ ಮನೆಯ ಚುಕ್ಕೆ ಹಸಿರು. ಡಂಗುರದ ಕಾಲ ಮುಗಿಯಿತೆಂದು ಅಧ್ಯಕ್ಷರು ಭಾಷಣ ಬಿಗಿದಿದ್ದರು. ಬಿಗಿಯಲಿ ಬಿಡಿ, ಆ ದಿನ ನೀರು ಬರುವ ಮೊದಲೇ ಓಣಿಗೆ ಓಣಿಯೇ ಗುಡ್ಡ ಹತ್ತಿದ್ದಂತೂ ನಿಜ.

ಸಂಜೆ ಗುಡ್ಡದ ಶಾಲೆಗೆ ಬಂದ ಮೃಣಾಲಿನಿಯ ಎದುರು ಮಾದೇವಪ್ಪ ಎಂಬ ನೇಕಾರ ಬಂದು ನಿಂತ. ಅವನ ಮುಖ ಕಪ್ಪಿಟ್ಟಿತ್ತು.

"ಮೇಡಮ್ಮಾರ, ನಮ್ಮ ಬಾಜೂಮನಿ ಬಾಳವ್ವಕ್ಕ ಎಲ್ಲೂ ಕಾಣಾಕತ್ತಿಲ್ರಿ."

"ಅವರ ಮನೆ ಹಸಿರಾಗಿದೆಯಲ್ಲ! ಹೊರಟೆವು ಅನ್ನೋ ದನಿ ಕೇಳಿಸಿದೆ."

"ಆಕಿಗೆ ಕಿವೀನ ಕೇಳೂದಿಲ್ರಿ. ಮಗ್ಗದ ಸಪ್ಪಳಾನ ಕಿವಿ ತಿಂದು ಬಿಟ್ಟೈತಿ. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ಲು. ಹೊಂಟೀವಿ ಅಂತ ಒದರಿದಾವ ನಾನ್ರಿ, ನಮ್ಮ ಮನ್ಯಾಗ ನಿಂತು. ನಡುವ ಇರೂದು ಒಂದ ಗ್ವಾಡಿ, ಆಕಿ ಪೆಟ್ಟಿಗಿಗೂ ನನ್ನ ದನೀನ ಕೇಳಿರಬೇಕು."

ಮೃಣಾಲಿನಿ ಅಗ್ನಿಶಾಮಕದವರಿಗೆ ಫೋನು ಹಚ್ಚುತ್ತಲೇ ಕೇಳಿದಳು: "ನೀವಾದರೂ ಹೋಗಿ ಎಬ್ಬಿಸಬಾರದಿತ್ತೆ?"

"ಆಕಿ ಮನಿ ಪೆಟ್ಟಿಗೀನೂ ಕೂಗಾಕತ್ತಿತ್ರಿ. ನಗರಸಭೆಯವ್ರ ಎಬ್ಬಸಾಕತ್ಯಾರ, ಇನ್ನ ನಂದೇನ್ ಕೆಲಸ ಅಂದ್ಕೊಂಡ್ನಿ," ಎಂದು ಅವನು ತಲೆ ಚಚ್ಚಿಕೊಂಡ.

ಅಗ್ನಿಶಾಮಕದವರ ದೋಣಿಯಲ್ಲಿ ಇಬ್ಬರೂ ಓಣಿಗೆ ಹೋದರು. ಮನೆಯೊಳಗೆ ಎದೆಮಟ್ಟ ನೀರಿತ್ತು. ನೀರು ಮೈಗೆ ತಾಗಿದಾಗಲೇ ಎಚ್ಚರವಾಗಿರಬೇಕು, ಬಾಳವ್ವ ಮಗ್ಗದ ಮೇಲೆ ಹತ್ತಿ, ಸೂರಿನ ತೊಲೆ ತಬ್ಬಿಕೊಂಡು ನಡುಗುತ್ತಿದ್ದಳು. ಸದ್ಯ, ಜೀವವಿತ್ತು! ಮೃಣಾಲಿನಿ ಕೈ ಚಾಚಿದಳು. ಮುದುಕಿ ಅವಳತ್ತ ನೋಡಲೇ ಇಲ್ಲ.

"ಮೊದಲಿನಂಗ ಇದ್ದಿದ್ರ ಜಗ್ಗತಿದ್ದಿ ಅಲ್ಲೋ ಮಾದೇವಾ?" ಎಂದು ಅಳುತ್ತ ಕೇಳಿದಳು.

ಏನು ಜಗ್ಗುವುದೆಂದು ಮೃಣಾಲಿನಿ ಕೇಳಿದಾಗ ಮಾದೇವಪ್ಪ ನಡುಗೋಡೆಯತ್ತ ಕೈ ತೋರಿಸಿದ.

"ಆ ತೂತಿನಾಗ ಒಂದು ನೂಲಿನ ಹುರಿ ಇತ್ರಿ. ಒಂದು ತುದಿ ನಮ್ಮನ್ಯಾಗ, ಇನ್ನೊಂದು ಮಲಗಿದಾಗ ಆಕಿ ಕೈಗೆ. ಏನಾರ ಆದ್ರ ಜಗ್ಗಿ ಎಬ್ಬಸ್ತಿದ್ವಿ. ಕಿವಿ ಹೋದವರ ಮನಿಗೆಲ್ಲಾ ಹಿಂಗ ಇತ್ತು. ಪೆಟ್ಟಿಗಿ ಕೂಡಸಾಕ ಬಂದವ್ರು ಹುರಿ ತಗದು, ಅದ ತೂತಿನಾಗ ವೈರ್ ಎಳದ್ರು. ನಾನೂ ಬ್ಯಾಡ ಅನ್ನಲಿಲ್ಲ."

ಮೃಣಾಲಿನಿ ಆ ತೂತನ್ನೇ ನೋಡುತ್ತ ನಿಂತಳು. ಈ ಓಣಿಯ ಗೋಡೆಗಳಲ್ಲಿ ಮೊದಲೇ ತೂತುಗಳಿದ್ದವು, ಕೊರೆಯುವ ಕೆಲಸವೇ ತಪ್ಪಿತು ಎಂದು ಉದ್ಘಾಟನೆಯ ದಿನ ವೇದಿಕೆಯ ಮೇಲೆ ಹಿಗ್ಗಿ ಹೇಳಿದವಳು ಅವಳೇ.