ಗರಗಸದ ಹಲ್ಲು ಯಾವ ಕಡೆ?

ಬೆಳಿಗ್ಗೆ ಎಂಟಕ್ಕೆ ಕಾರ್ಮಿಕ ಸಂಘದ ಕಚೇರಿ ತೆರೆದವರು ಬೀರುವಿನತ್ತ ಓಡಿದರು. ಬೀರುವಿನ ಬೀಗ ಕತ್ತರಿಸಿ ಬಿದ್ದಿತ್ತು. ಒಳಗಿದ್ದ ಮರದ ಬೆಣೆ ಮಾಯ.

ಹೆಬ್ಬೆರಳು ಗಾತ್ರದ ಬೆಣೆ. ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ಯಂತ್ರಕ್ಕೆ ಎರಡು ಗುಂಡಿ. ಎರಡು ಕೈಯಿಂದಲೂ ಒತ್ತಿದರೆ ಮಾತ್ರ ಅಚ್ಚು ಇಳಿಯಬೇಕು. ಕೆಲಸ ಬೇಗ ಸಾಗಲೆಂದು ಮಾಲೀಕ ಒಂದು ಗುಂಡಿಗೆ ಬೆಣೆ ತುರುಕಿಸಿದ್ದ. ಅದನ್ನು ನಡೆಸುತ್ತಿದ್ದ ಪ್ರೆಸ್ಸಿನವನ ಬಲಗೈ ಅಚ್ಚಿಗೆ ಸಿಕ್ಕಿ ಹೋಯಿತು. ತಪ್ಪು ಕೆಲಸಗಾರನದಾದರೆ ಪರಿಹಾರವಿಲ್ಲ ಎನ್ನುತ್ತಿತ್ತು ಕಾನೂನು. ಆ ದರಿದ್ರ ಕಾನೂನನ್ನು ತಿದ್ದುವ ಮಸೂದೆ ಇವತ್ತೇ ಹನ್ನೊಂದಕ್ಕೆ ಶಾಸಕರ ಸಮಿತಿಯ ಮುಂದೆ ಬರಲಿತ್ತು. ತಪ್ಪು ಮಾಲೀಕನದೆಂದು ತೋರಿಸಲು ಪ್ರೆಸ್ಸಿನವನಿಗಿದ್ದ ಏಕೈಕ ಸಾಕ್ಷಿ ಆ ಬೆಣೆ.

ದೂರು ಕೇಳಿ ಬಂದ ಪೊಲೀಸ್ ಇನ್ಸ್‌ಪೆಕ್ಟರಮ್ಮ ನೆಲದ ಮೇಲಿದ್ದ, ಕಬ್ಬಿಣ ಕೊಯ್ಯುವ ಗರಗಸವನ್ನು ಎತ್ತಿದಳು. ಪಕ್ಕದಲ್ಲಿ ಮುರಿದ ಹಳೇ ಬ್ಲೇಡು. ಚೌಕಟ್ಟಿನಲ್ಲಿ ಹೊಸದು.

"ಇದು ಇವನ ಭಾವಮೈದುನಂದು," ಎಂದ ಸಂಘದ ಲೀಡರು, ಪ್ರೆಸ್ಸಿನವನತ್ತ ಕೈ ತೋರಿಸಿ. "ಫಿಟ್ಟರು. ಮಾಲೀಕನ ಹತ್ರ ಕಾಸು ತಿಂದಿರ್ತಾನೆ."

"ಬಾಯಿಗೆ ಬಂದಂಗೆ ಮಾತಾಡ್ಬೇಡಿ!" ಭಾವಮೈದುನ ಕೆರಳಿದ. "ಮೊನ್ನೆ ಕಿಟಕಿ ರಿಪೇರಿಗೆ ತಂದವನು ಇಲ್ಲೇ ಬಿಟ್ಟೋಗಿದ್ದೆ."

ಪೇದೆ ಅವನ ಎರಡೂ ಕೈ ಹಿಡಿದುಕೊಂಡ. ಪ್ರೆಸ್ಸಿನವನು ಭಾವಮೈದುನನ ಮುಖವನ್ನೂ ನೋಡಲಿಲ್ಲ.

*

ಇನ್ಸ್‌ಪೆಕ್ಟರಮ್ಮ ಹೊಸ ಬ್ಲೇಡು ಬಿಚ್ಚಿ, ಚೌಕಟ್ಟಿನ ಸಮೇತ ಲೀಡರಿಗೆ ಕೊಟ್ಟಳು.

"ಒಸಿ ಹಾಕಿ ಕೊಡಿ. ಇಪ್ಪತ್ತು ವರ್ಷ ಫಿಟ್ಟರ್ ಕೆಲಸ ಮಾಡ್ದೋರಲ್ವಾ?"

"ಅದೇನು ಮಹಾ!" ಲೀಡರು ಬ್ಲೇಡು ಬಿಗಿದು ಕೊಟ್ಟ.

ಸುತ್ತ ನಿಂತ ಕೆಲಸಗಾರರು ಮುಖ ಮುಖ ನೋಡಿಕೊಂಡರು.

"ಹಲ್ಲು ಹಿಡಿಯ ಕಡೆ ತಿರುಗಿದೆ," ಎಂದಳು ಅವಳು. "ಗರಗಸ ಮುಂದಕ್ಕೆ ತಳ್ಳುವಾಗ ಕೊಯ್ಯಬೇಕು. ಹಲ್ಲು ಮುಂದಕ್ಕಿರಬೇಕು. ನಮ್ಮಪ್ಪನೂ ಫಿಟ್ಟರೇ. ನಿದ್ದೆಗಣ್ಣಲ್ಲೂ ಫಿಟ್ಟರು ಹೀಗೆ ಹಾಕಲ್ಲ. ಇದು ಸಿಕ್ಕಾಗಲೂ ಹೀಗೇ ಇತ್ತು. ಹಳೇ ಬ್ಲೇಡು ಮುರೀತು, ಹೊಸದು ನೀವು ಹಾಕಿದ್ರಿ. ಬೀಗದ ಕೀಲಿ ನಿಮ್ಮ ಹತ್ರಾನೇ ಇದ್ರೂ ಕಳ್ಳತನದ ನಾಟಕಕ್ಕೆ ಕೊಯ್ದಿರಿ. ಸಂಘದ ಚುನಾವಣೇಲಿ ಫಿಟ್ಟರ್ ಅಂತ ಓಟು ಕೇಳಿದ್ದೂ ಸುಳ್ಳು."

ಲೀಡರ ಬಣ್ಣ ಬಯಲಾಯಿತು. ಅವನ ಕೋಟಿನ ಒಳಜೇಬಲ್ಲೇ ಬೆಣೆ ಸಿಕ್ಕಿತು. ಮಾಲೀಕನಿಗೆ ಒಪ್ಪಿಸಿದರೆ ಪರಿಹಾರ ಮಂಡಳಿಯ ಅಧ್ಯಕ್ಷಗಿರಿ ಕೊಡಿಸುವುದಾಗಿ ಮಾತಾಗಿತ್ತಂತೆ.

"ಥೂ! ಆಸ್ಪತ್ರೆಲಿ ನನ್ನ ಮಂಚದ ಪಕ್ಕ ಗೊಳೋ ಅಂತ ಅತ್ತಿದ್ಯಲ್ಲೋ!" ಪ್ರೆಸ್ಸಿನವನು ಲೀಡರಿಗೆ ಬೆನ್ನು ಹಾಕಿದ. ಎಡಗೈಯಿಂದ ಭಾವಮೈದುನನ ಭುಜ ಹಿಡಿದ. "ನಿನ್ನನ್ನೇ ಅನುಮಾನಿಸಿಬಿಟ್ನಲ್ಲೋ."

"ಬೆಣೆ ನಾನೇ ಸಮಿತಿಗೆ ತರ್ತೀನಿ," ಎಂದಳು ಇನ್ಸ್‌ಪೆಕ್ಟರಮ್ಮ. "ಹೊರಡಿ, ಹತ್ತಾಯ್ತು."

ಪೇದೆ ಎಳೆದೊಯ್ಯುವಾಗಲೂ ಲೀಡರಿಗೆ ಕೊಬ್ಬು ಇಳಿದಿರಲಿಲ್ಲ. "ಹೋಗು ಹೋಗು. ದೊಡ್ಡೋರ ಮುಂದೆ ನಿನ್ನ ಪರ ಮಾತಾಡೋರು ಯಾರಿದ್ದಾರೆ?"

ಪ್ರೆಸ್ಸಿನವನು ಬಾಗಿಲಲ್ಲಿ ತಿರುಗಿ ನಿಂತ.

"ನಾನೇ ಮಾತಾಡ್ತೀನಿ. ಅಚ್ಚಿಗೆ ಸಿಕ್ಕಿದ್ದು ಕೈ ಕಣಯ್ಯಾ, ನಾಲಿಗೆಯಲ್ಲ."