ಬ್ಯಾರನ್ನನ ಕೊನೆಯ ಅಧ್ಯಾಯ

ಹಸಿರು ಫೈಲು ಇತ್ತು. ಒಳಗೆ ಹಾಳೆ ಇರಲಿಲ್ಲ.

"ನಲವತ್ತೊಂದು ಹಾಳೆ," ಎಂದರು ಗುರುಪ್ರಸಾದ. "ಕೈಬರಹ. ಬೇರೆ ಕಾಪಿ ಇಲ್ಲ."

ಹವಾಮಾನ ವರದಿ ಓದುವವರ ದನಿ. ಅಮೆರಿಕದ ಸನ್ನಿವೇಲ್‌ನ ಆ ಅಪಾರ್ಟ್‌ಮೆಂಟಿನಲ್ಲಿ ದನಿ ಏರಿಸುವ ಶಕ್ತಿ ಯಾರಿಗೂ ಉಳಿದಿರಲಿಲ್ಲ. ಗುರುಪ್ರಸಾದರ ಪಕ್ಕದ ಮನೆಯವಳಾದ ನಾನೇ ಉಮಾಶ್ರೀಯವರನ್ನು ಕಾರಿನಲ್ಲಿ ಕರೆತಂದಿದ್ದೆ. ಮಂಡ್ಯದಲ್ಲಿ ಮೂವತ್ತು ವರ್ಷ ಪೊಲೀಸ್ ಕೆಲಸ ಮಾಡಿ, ಈಗ ಮೊಮ್ಮಗಳನ್ನು ಡೇಕೇರ್‌ಗೆ ಬಿಟ್ಟು ಬರುವ ಹೆಂಗಸು. ಕಾರು ಓಡಿಸಲು ಬಾರದು. ಸುಳ್ಳು ಹಿಡಿಯಲು ಬರುತ್ತದೆ.

ಇತಿಹಾಸದ ಮೇಷ್ಟ್ರಾಗಿದ್ದ ಗುರುಪ್ರಸಾದ ಹದಿನೆಂಟು ವರ್ಷ ಒಬ್ಬನೇ ಮನುಷ್ಯನ ಜೀವನ ಬರೆದರು — ಬ್ಯಾರನ್ ಕೊನ್ರಾಡ್ ಫಾನ್ ಎಲ್ಟರ್‌ಬೆಕ್. ಹತ್ತೊಂಬತ್ತನೇ ಶತಮಾನದ ಜರ್ಮನ್ ಜಮೀನ್ದಾರ, ಮಂತ್ರಿ. ಕಾನೂನು ಬರುವ ಮೊದಲೇ ತನ್ನ ಜೀತದಾಳುಗಳನ್ನು ಬಿಡುಗಡೆ ಮಾಡಿ ತನ್ನವರಿಂದಲೇ ಬೈಸಿಕೊಂಡವ. ಕೊನೆಗೆ ರಾಜನೊಡನೆ ಮುನಿಸಿಕೊಂಡು ರಾಜೀನಾಮೆ ಕೊಟ್ಟ. ಹಳ್ಳಿಮನೆಯಲ್ಲಿ ಆತ್ಮಕಥೆ ಮುಗಿಸಿದ ದಿನವೇ ವೈದ್ಯನನ್ನು ವಾಪಸು ಕಳಿಸಿದ, ಸತ್ತ. ಕಳೆದುಹೋದದ್ದು ಆ ಸಾವಿನ ಅಧ್ಯಾಯ.

"ಯಾರ ಮೇಲೆ ಅನುಮಾನ?" ಉಮಾಶ್ರೀ ಕೇಳಿದರು.

"ಹರ್ಷನ ಮೇಲೆ. ನಾನು ಬರ್ದಿದ್ದನ್ನ ಟೈಪು ಮಾಡೋನು. ಅವನ ಪಿಎಚ್‌ಡೀನೂ ಬ್ಯಾರನ್ ಬಗ್ಗೆನೇ. ಇವತ್ತು ಯೂನಿವರ್ಸಿಟಿಗೆ ಮೇಲ್ ಹಾಕ್ತೀನಿ."

ಹರ್ಷ ಬಾಗಿಲ ಬಳಿಯೇ ನಿಂತಿದ್ದ. "ಸೋಮವಾರ ಸಂಜೆ ನಾನು ಬಂದಾಗ್ಲೇ ಫೈಲು ಖಾಲಿ ಇತ್ತು ಸರ್. ಆ ಮೇಲ್ ಹೋದ್ರೆ ನನ್ನ ವೀಸಾನೂ ಹೋಗತ್ತೆ."

"ನೀನು?" ಉಮಾಶ್ರೀ, ಗುರುಪ್ರಸಾದರ ಮಗ ಸುಘೋಷನತ್ತ ತಿರುಗಿದರು.

"ಐ ಡಿಡಂಟ್ ಟೇಕ್ ಇಟ್, ಆಂಟಿ. ಬಟ್ ಐ ವಾಂಟೆಡ್ ಟು."

"ಯಾಕೆ?"

"ಬುಕ್ ಮುಗಿದ್ರೆ ಅಪ್ಪ ಡಯಾಲಿಸಿಸ್ ಸ್ಟಾಪ್ ಮಾಡ್ತಾರಂತೆ."

ಗುರುಪ್ರಸಾದ ಅಲ್ಲಗಳೆಯಲಿಲ್ಲ. "ಹಾಳೆ ಸಿಗದೇ ಹೋದ್ರೂ ಅಷ್ಟೆ. ಮತ್ತೆ ಬರೆಯೋ ಶಕ್ತಿ ಇಲ್ಲ. ಇವತ್ತಿಂದಲೇ ಡಯಾಲಿಸಿಸ್‌ಗೆ ಹೋಗಲ್ಲ."

ಬುಧವಾರ. ಎರಡು ಗಂಟೆಗೆ ಅವರ ಸರದಿ. ಆಗಲೇ ಒಂದು ದಾಟಿತ್ತು. ಮನೆಯವರು ಅತ್ತು ಮುಗಿಸಿ ಬಹಳ ದಿನವಾಗಿತ್ತು.

ಗುರುಪ್ರಸಾದರ ಹೆಂಡತಿಯ ಹೆಸರು ಇಂದು. ಆಕೆ ಕಾಫಿ ತಂದಿಟ್ಟರು.

"ಎಲ್ಲ ಕಡೆ ಹುಡುಕಿದ್ರಾ?" ಉಮಾಶ್ರೀ ಕೇಳಿದರು.

"ಗ್ಯಾರೇಜು, ಕಾರು, ಗಾರ್ಬೇಜು — ಎಲ್ಲ," ಎಂದ ಹರ್ಷ.

ಉಮಾಶ್ರೀ ದೇವರ ಮೂಲೆಯನ್ನು ನೋಡುತ್ತಿದ್ದರು. ನವರಾತ್ರಿಯ ಸರಸ್ವತಿ ಪೂಜೆ. ಪೇರಿಸಿಟ್ಟ ಪುಸ್ತಕಗಳು, ಮೇಲೆ ರೇಷ್ಮೆ ಬಟ್ಟೆ, ಹೂವು. ಒಮ್ಮೆ ಇಟ್ಟ ಮೇಲೆ ವಿಜಯದಶಮಿಯವರೆಗೆ ಯಾರೂ ಮುಟ್ಟುವುದಿಲ್ಲ, ಓದುವುದಿಲ್ಲ.

"ಯಾವಾಗ ಇಟ್ಟಿದ್ದು?"

"ಸೋಮವಾರ ಬೆಳಿಗ್ಗೆ," ಎಂದರು ಇಂದು.

"ಅದರಲ್ಲಿ ನಿಮ್ಮ ಬರಹ ಇಡಲ್ವಾ ಮೇಷ್ಟ್ರೇ?"

"ಇಡ್ತಾಳೆ. ಪ್ರತಿ ವರ್ಷ ಆ ವರ್ಷದ ಹಾಳೆಗಳನ್ನ ಕೇಳಿ ಇಸ್ಕೊಂಡು ಹೋಗ್ತಾಳೆ."

"ಈ ವರ್ಷ?"

"ಈ ವರ್ಷ —" ಗುರುಪ್ರಸಾದ ತಡೆದರು. "ಕೇಳಲಿಲ್ಲ."

ಉಮಾಶ್ರೀ ಲೋಟ ಕೆಳಗಿಟ್ಟರು. "ಪೂಜೆ ಬೆಳಿಗ್ಗೆ. ಫೈಲು ಖಾಲಿ ಅಂತ ಗೊತ್ತಾದದ್ದು ಸಂಜೆ. ಬೆಳಿಗ್ಗೆ ಯಾಕೆ ಕೇಳಲಿಲ್ಲ? ಕೇಳೋ ಅಗತ್ಯ ಇರಲಿಲ್ಲ, ಹಾಳೆ ಆಗಲೇ ಕೈಲಿತ್ತು. ಈ ಮನೇಲಿ ಯಾರೂ ಕೈ ಹಾಕದ ಜಾಗ ಅದೊಂದೇ. ತೆಗೆದದ್ದು ನೀವೇ, ಇಂದು ಅವರೇ."

"ಹೌದು," ಎಂದರು ಇಂದು. ಮುಖದಲ್ಲಿ ಏನೂ ಬದಲಾಗಲಿಲ್ಲ. "ನಾಳೆ ವಿಜಯದಶಮಿ. ತೆಗೀಲೇಬೇಕು. ಆಮೇಲೇನು ಅಂತ ಯೋಚನೆ ಮಾಡಿರಲಿಲ್ಲ. ಹರ್ಷನ ಮೇಲೆ ಬರತ್ತೆ ಅಂತಾನೂ ಅನ್ಕೊಂಡಿರಲಿಲ್ಲ."

"ಓದಿದ್ಯಾ?" ಗುರುಪ್ರಸಾದ ಕೇಳಿದರು.

"ಓದಿದೆ. ವೈದ್ಯ ವಾಪಸ್ ಹೋದ ಗಾಡೀದು ಬರ್ದಿದೀರಿ. ಕುದುರೆ ಬಣ್ಣ ಬರ್ದಿದೀರಿ. ಆಗ ಬ್ಯಾರನ್ನನ ಹೆಂಡತಿ ಎಲ್ಲಿದ್ಲು?"

ಗುರುಪ್ರಸಾದ ಖಾಲಿ ಫೈಲು ಮುಚ್ಚಿದರು. "ಗೊತ್ತಿಲ್ಲ. ಹುಡುಕಲಿಲ್ಲ."

"ಆಕೆಯ ಪತ್ರಗಳಿವೆ ಸರ್," ಎಂದ ಹರ್ಷ. "ಮುನ್ನೂರು. ಆರ್ಕೈವ್‌ನಲ್ಲಿ ಯಾರೂ ತೆಗೆದೇ ನೋಡಿಲ್ಲ."

"ಓದೋಕೆ ಎಷ್ಟು ದಿನ?" ಗುರುಪ್ರಸಾದ ಕೇಳಿದರು.

"ಒಂದು ವರ್ಷ ಬೇಕು."

"ಮೇಲ್ ಹಾಕಲ್ಲ ಹರ್ಷ. ನನ್ನದು ತಪ್ಪಾಯ್ತು."

ಗಂಟೆ ಒಂದೂವರೆ. ಗುರುಪ್ರಸಾದ ಎದ್ದು ದೇವರ ಮೂಲೆಗೆ ಹೋದರು. ರೇಷ್ಮೆ ಬಟ್ಟೆಯನ್ನು ಮುಟ್ಟಲಿಲ್ಲ.

"ಇಂದೂ, ಬ್ಯಾಗಿಗೆ ಶಾಲು ಹಾಕು," ಎಂದರು. "ಆ ಡಯಾಲಿಸಿಸ್ ರೂಮಿನಲ್ಲಿ ಚಳಿ."

ಇಂದು ಶಾಲು ಮಡಿಸತೊಡಗಿದರು. ಮಡಿಕೆ ಸರಿಯಾಗಲು ಬಹಳ ಹೊತ್ತು ಹಿಡಿಯಿತು.