ಒಂದು ಕೆಂಪು ಚುಕ್ಕೆ

"ತಿಳೀತೇನ್ರೋ?" ಎಂದು ಅಂಬುಜಾ ಬಳಿಗಾರ ಕೇಳಿದರು.

"ತಿಳೀತ್ರೀ ಅಕ್ಕೋರ!" ಎಂದು ಎಂಟನೆಯ ತರಗತಿ ಒಂದೇ ಉಸಿರಿನಲ್ಲಿ ಕೂಗಿತು. ಅಕ್ಕೋರೂ ರೂಢಿಯಂತೆ ಮಕ್ಕಳ ದನಿಯೊಂದಿಗೆ "ತಿಳೀತ್ರೀ" ಎಂದು ರಾಗ ಎಳೆದರು. ಕೂಗು ನಿಂತ ಕ್ಷಣವೇ ಕರಿಹಲಗೆಯ ಪಕ್ಕದ ಬಿಳಿ ಗೋಡೆಯ ಮೇಲೆ ಚುಕ್ಕೆಗಳು ಮೂಡಿ ಮೀನುಗಳಂತೆ ಅತ್ತಿತ್ತ ಈಜತೊಡಗಿದವು. ಹೆಚ್ಚಿನವು ಹಸಿರು, ಏಳೆಂಟು ಕೆಂಪು. ಅಂಬುಜಾ ಚಂದ್ರನ ಪಾಠವನ್ನು ಮೊದಲಿನಿಂದ ಇನ್ನೊಮ್ಮೆ ಹೇಳಿದರು. ಮತ್ತೆ ಕೇಳಿದರು, ಮತ್ತೆ ಕೂಗು ಎದ್ದಿತು. ಈ ಸಲ ಗೋಡೆಯೆಲ್ಲ ಹಸಿರಾಯಿತು, ಒಂದು ಚುಕ್ಕೆಯನ್ನು ಬಿಟ್ಟು.

ಆ ಸಾಧನದ ಹೆಸರು ಸಂಶಯದೀಪ. ಅಂತರಜಾಲದಲ್ಲಿ ಶಿಕ್ಷಕರಿಗೆ ಪುಕ್ಕಟೆಯಾಗಿ ಸಿಗುತ್ತಿತ್ತು. ತರಗತಿಯಲ್ಲಿ ಒಂದು ಮೈಕು, ಒಂದು ಬೆಳಕಿನ ಪೆಟ್ಟಿಗೆ ಇದ್ದರೆ ಸಾಕು. ಮಕ್ಕಳು ಒಟ್ಟಾಗಿ ಕೂಗಿದಾಗ ಅದು ಹಗ್ಗ ಬಿಚ್ಚಿದಂತೆ ಕೂಗನ್ನು ಎಳೆಎಳೆಯಾಗಿ ಬಿಡಿಸಿ ಒಬ್ಬೊಬ್ಬರ ದನಿಯನ್ನೂ ಬೇರೆ ಮಾಡುತ್ತಿತ್ತು. ನಿಜವಾಗಿ ತಿಳಿದವನ "ತಿಳೀತು" ನೇರವಾಗಿ ಹೊರಡುತ್ತದೆ. ತಿಳಿಯದವನದು ಪಕ್ಕದವನು ಬಾಯಿ ತೆರೆಯುವವರೆಗೆ ಕಾದು, ಆಮೇಲೆ ಹೊರಡುತ್ತದೆ. ಕಿವಿಗೆ ಸಿಗದಷ್ಟು ಕಿರಿದಾದ ಆ ತಡವನ್ನು ವಿಜ್ಞಾನಿಗಳು 'ದನಿಯಳುಕು' ಎಂದು ಕರೆದಿದ್ದರು. ಅಳುಕಿದ ದನಿಗೆ ಕೆಂಪು ಚುಕ್ಕೆ. ಯಾವ ಚುಕ್ಕೆ ಯಾರದು ಎಂಬುದನ್ನು ಮಾತ್ರ ಸಾಧನ ಹೇಳುತ್ತಿರಲಿಲ್ಲ.

ಶತಮಾನಗಳಿಂದ ನಮ್ಮ ಶಾಲೆಗಳಲ್ಲಿ ಕೇಳಿಬಂದಿರುವ ಈ ಕೂಗಿನ ಅಡಿಯಲ್ಲಿ ಎಷ್ಟು ಮೌನಗಳು ಮುಚ್ಚಿಹೋಗಿವೆಯೋ ಲೆಕ್ಕವಿಟ್ಟವರಿಲ್ಲ. ಅಂಬುಜಾಗೆ ಅಂಥ ಒಂದು ಮೌನದ ಪರಿಚಯವಿತ್ತು. ಹಿಂದಿನ ವರ್ಷ ಒಬ್ಬ ಹುಡುಗಿ ಎಲ್ಲರ ಜೊತೆ "ತಿಳೀತ್ರೀ" ಎನ್ನುತ್ತಲೇ ದಿನದಿನಕ್ಕೂ ಹಿಂದೆ ಬಿದ್ದು, ಒಂದು ಬೆಳಿಗ್ಗೆ ಶಾಲೆಗೆ ಬರುವುದನ್ನೇ ಬಿಟ್ಟಿದ್ದಳು. ಮನೆಗೆ ಹೋಗಿ ಕರೆದರೂ ಬರಲಿಲ್ಲ. "ನನಗ ಏನೂ ತಿಳ್ಯಾಂಗಿಲ್ರಿ ಅಕ್ಕೋರ" ಎಂದು ಆಕೆ ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದ್ದು ಆ ದಿನವೇ. ಆದ್ದರಿಂದಲೇ ಅಂಬುಜಾ ಅಂತರಜಾಲದಲ್ಲಿ ಸಿಕ್ಕಿದ ಪ್ರತಿಯೊಂದು ಪುಕ್ಕಟೆ ಸಾಧನವನ್ನೂ ತಂದು ತರಗತಿಯಲ್ಲಿ ಪರೀಕ್ಷಿಸುತ್ತಿದ್ದರು. ಮೇಜಿನ ಮೇಲೆ ಗಾಳಿಯಲ್ಲಿ ತೇಲುವ ಬೆಳಕಿನ ಕಪ್ಪೆಯೊಂದನ್ನು ತಂದಿದ್ದರು; ಅದರ ಹೊಟ್ಟೆ ಕೊಯ್ಯಲು ಹೋದಾಗಲೆಲ್ಲ ಕಪ್ಪೆ ಒಂದು ಸಾಬೂನಿನ ಜಾಹೀರಾತು ಹಾಡುತ್ತಿತ್ತು.

"ಪುಕಟ್ ಸಿಕ್ರ ನನಗೊಂದು, ನಮ್ಮಪ್ಪಗೊಂದು ಅಂದಂಗಾತು ನಿಮ್ಮ ಕಥಿ" ಎಂದು ಹೆಡ್‌ಮಾಸ್ತರ ಕೋರಿಯವರು ನಗುತ್ತಿದ್ದರು. ಆದರೆ ಸಂಶಯದೀಪ ಬಂದ ಮೇಲೆ ಅವರ ವರಸೆ ಬದಲಾಯಿತು. ಅದನ್ನು ಕಂಡುಹಿಡಿದ ಡಾ. ನದಾಫ್ ಎಂಬ ವಿಜ್ಞಾನಿ ಶನಿವಾರ ಗುಳೇದಗುಡ್ಡಕ್ಕೆ ಬಂದು ಇದೇ ತರಗತಿಯನ್ನು ನೋಡುವವರಿದ್ದರು.

"ಶನಿವಾರ ಗ್ವಾಡಿ ಪೂರಾ ಹಸಿರಿರಬೇಕು ನೋಡ್ರಿ, ಅಂಬುಜಾಬಾಯಿ. ಆ ಒಂದು ಕೆಂಪು ಯಾರದು?"

"ಅದನ್ನ ಹುಡುಕಾಕತ್ತೀನ್ರಿ ಸರ್."

"ಹಿಂದಿನ ಬೆಂಚಿನ ದಾನಮ್ಮಂದ ಇರಬೇಕು. ಬಾಯಾಗ ನಾಲಿಗಿ ಇಲ್ಲದಕಿ. ಶನಿವಾರ ಒಂದಿನ ಆಕಿನ್ನ ಲೈಬ್ರರಿಗೆ ಕಳಸ್ರಿ."

ಅಂಬುಜಾರಿಗೂ ದಾನಮ್ಮನ ಮೇಲೆಯೇ ಅನುಮಾನ. ಈ ಹುಡುಗಿಯೂ ಒಂದು ಬೆಳಿಗ್ಗೆ ಬರದೇ ಹೋದರೆ ಎಂಬುದೊಂದೇ ಅವರ ಹೆದರಿಕೆ.

ಮರುದಿನ ಅವರು ಪಾಠವನ್ನು ಒಂದೊಂದೇ ವಾಕ್ಯವಾಗಿ ಹೇಳಿ, ಪ್ರತಿ ವಾಕ್ಯಕ್ಕೂ "ತಿಳೀತೇನ್ರೋ?" ಎಂದು ಕೇಳಿದರು. ಚಂದ್ರ ಭೂಮಿಯನ್ನು ಸುತ್ತುತ್ತಾನೆ: ಎಲ್ಲವೂ ಹಸಿರು. ತನ್ನ ಸುತ್ತ ತಾನೂ ತಿರುಗುತ್ತಾನೆ: ಹಸಿರು. ಎರಡಕ್ಕೂ ಹಿಡಿಯುವ ಕಾಲ ಒಂದೇ, ಆದ್ದರಿಂದ ನಮಗೆ ಯಾವಾಗಲೂ ಅವನ ಒಂದೇ ಮುಖ ಕಾಣುತ್ತದೆ: ಅಲ್ಲಿ ಕೆಂಪು ಚುಕ್ಕೆ ಹೊತ್ತಿಕೊಂಡಿತು. ಅವರು ನಿಂಬೆಹಣ್ಣು ತಂದರು, ಬುಗುರಿ ತಂದರು, ಹಲಗೆಯ ತುಂಬ ಬಾಣಗಳನ್ನು ಬರೆದರು. ಕೊನೆಗೆ ಪ್ರತಿ ಬಾರಿಯೂ ಅದೇ ವಾಕ್ಯವನ್ನು ಇನ್ನಷ್ಟು ಗಟ್ಟಿಯಾಗಿ ಹೇಳಿದರು. ಚುಕ್ಕೆ ಜಗ್ಗಲಿಲ್ಲ.

ಸಂಜೆ ಸ್ಟಾಫ್ ರೂಮಿನಿಂದ ಡಾ. ನದಾಫರಿಗೆ ಫೋನು ಮಾಡಿದರು.

"ಹೆಸರು ಹೇಳಂಗಿಲ್ರಿ ಮೇಡಂ" ಎಂದರು ವಿಜ್ಞಾನಿ. "ಹೆಸರು ಹೇಳಿದ್ರ ಯಾವ್ದೋ ಒಂದು ಸಾಲ್ಯಾಗ ಆ ಕೂಸಿಗೆ ಹೊಡತ ಬೀಳ್ತದ. ಅದಕ್ಕ ನಾನ ಬೇಕಂತ ಆ ದಾರಿ ಮುಚ್ಚೀನಿ."

"ನಾ ಹೊಡ್ಯಾಕಿ ಅಲ್ರಿ. ಕೂಸು ಸಾಲಿ ಬಿಟ್ಟ ಮ್ಯಾಲೆ ನಿಮ್ಮ ದೀಪ ತಗೊಂಡು ನಾ ಏನ್ ಮಾಡ್ಲಿ?"

ಆ ಕಡೆಯಿಂದ ಕೀಲಿಮಣೆಯ ಸದ್ದು ಕೇಳಿಸಿತು.

"ಆತು. ದನಿಯಿಂದ ವಯಸ್ಸು ಗೊತ್ತಾಗ್ತದ. ಹುಡುಗನೋ ಹುಡುಗಿಯೋ ಅನ್ನೂದೂ ಗೊತ್ತಾಗ್ತದ. ಅಷ್ಟ ಹೇಳ್ತೀನಿ, ಮುಂದ ಕೇಳಬ್ಯಾಡ್ರಿ... ಹೆಣ್ಣುಮಗಳ ದನಿ."

"ನಾ ಅಂದ್ಕೊಂಡಿದ್ದೆ! ವಯಸ್ಸು?"

"ಐವತ್ತರ ಹತ್ರ."

"ಏನ್ರಿ ನೀವು! ಎಂಟನೇತ್ತಿಯೊಳಗ ಐವತ್ತು ವರ್ಷದಾಕಿ ಯಾರಿರ್ತಾರ್ರಿ?"

ಕಿಟಕಿಯ ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತ ಹೋದರು.

"ನೀವೂ ಮಕ್ಕಳ ಜೋಡಿ ಕೂಗ್ತೀರೇನ್ರಿ?" ಎಂದು ವಿಜ್ಞಾನಿ ಮೆಲ್ಲಗೆ ಕೇಳಿದರು.

"ಹೂಂ."

"ಶಿಕ್ಷಕರ ದನಿ ಬಿಟ್ಟು ಕೇಳು ಅಂತ ಸಾಧನಕ್ಕ ಹೇಳಬಹುದ್ರಿ. ಒಂದು ಗುಂಡಿ ಒತ್ತಿದ್ರ ಮುಗೀತು. ಶನಿವಾರ ಗ್ವಾಡಿ ಹಸಿರ ಕಾಣ್ತದ. ನಾನೂ ಯಾರ ಮುಂದೂ ಹೇಳಂಗಿಲ್ಲ."

ಮನೆಗೆ ನಡೆಯುತ್ತ ಅಂಬುಜಾ ತಮ್ಮನ್ನು ತಾವೇ ಕೇಳಿಕೊಂಡರು. ಚಂದ್ರನ ಒಂದೇ ಮುಖದ ಆ ವಾಕ್ಯವನ್ನು ಅವರು ತರಬೇತಿಯ ಕಾಲದಲ್ಲಿ ಬಾಯಿಪಾಠ ಮಾಡಿದ್ದರು. ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದರು. ತಿರುಗುವ ವಸ್ತುವಿನ ಬೆನ್ನು ಕಾಣದೆ ಇರುವುದು ಹೇಗೆ? ಈ ಪ್ರಶ್ನೆ ಒಳಗೆಲ್ಲೋ ಇಷ್ಟು ಕಾಲ ಉಸಿರು ಬಿಗಿಹಿಡಿದು ಕುಳಿತಿತ್ತು. ಕಲಿಸುವವಳ ಮೌನವನ್ನು ಕೇಳಲು ಯಾರೂ ಇರಲಿಲ್ಲ, ಅವಳೂ ಸಹ. ಗುಂಡಿ ಒತ್ತುವುದು ಸುಲಭವಾಗಿತ್ತು. ಒತ್ತಿದ ಮೇಲೆ ನಾಳೆ ದಾನಮ್ಮನ ಎದುರು ನಿಂತು "ತಿಳೀದಿದ್ರ ಕೇಳವ್ವ, ಯಾಕ ನಾಚ್ಕೊಂತಿ" ಎನ್ನುವುದು ಸುಲಭವಾಗಿರಲಿಲ್ಲ.

ಬೆಳಿಗ್ಗೆ ಅವರು ಸುಣ್ಣದ ಕಡ್ಡಿಯನ್ನು ಮೇಜಿನ ಮೇಲಿಟ್ಟು ತರಗತಿಯ ಮುಂದೆ ನಿಂತರು.

"ಆ ಕೆಂಪು ಚುಕ್ಕಿ ಯಾರದು ಗೊತ್ತಾತು."

ಎಲ್ಲರ ತಲೆಗಳೂ ಹಿಂದಿನ ಬೆಂಚಿನತ್ತ ತಿರುಗಿದವು. ದಾನಮ್ಮ ಜಡೆಯ ತುದಿಯನ್ನು ಹಿಡಿದುಕೊಂಡಳು.

"ಆ ಕಡಿ ಯಾಕ ನೋಡ್ತೀರಿ? ನಂದದು. ಚಂದ್ರ ತಿರುಗಿದ್ರೂ ಒಂದ ಮುಖ ಹೆಂಗ ಕಾಣ್ತೈತಿ ಅನ್ನೂದು ನನಗ ತಿಳಿದಿಲ್ಲ. ನಿಮಗ ತಿಳಿದೈತಿ ಅಂತ ಗ್ವಾಡಿ ಹೇಳಾಕತ್ತೈತಿ. ಯಾರರ ಹೇಳ್ರಿ ನೋಡೂಣು."

ಹೊಸ ಆಟವೊಂದರ ನಿಯಮವನ್ನು ಅರ್ಥ ಮಾಡಿಕೊಳ್ಳುತ್ತಿರುವವರಂತೆ ಮಕ್ಕಳು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು.

"ನೀವು ಭೂಮಿ ಆಗ್ರಿ ಅಕ್ಕೋರ" ಎಂಬ ಸಣ್ಣ ದನಿ ಹಿಂದಿನಿಂದ ಬಂತು. ದಾನಮ್ಮ ಎದ್ದು ಬಂದಳು. ಅಂಬುಜಾರನ್ನು ನಡುವೆ ನಿಲ್ಲಿಸಿ, ಅವರ ಮುಖವನ್ನೇ ನೋಡುತ್ತ ಒಂದು ಸುತ್ತು ಹಾಕಿದಳು. ಅಂಬುಜಾರೂ ಅವಳತ್ತ ನೋಡುತ್ತ ನಿಂತಲ್ಲೇ ತಿರುಗಿದರು.

"ನನ್ನ ಬೆನ್ನು ಕಂಡಿತೇನ್ರಿ?"

"ಇಲ್ಲ."

"ನೀ ತಿರುಗೇ ಇಲ್ಲಲ್ಲ! ಬರೇ ಸುತ್ತು ಹೊಡದಿ" ಎಂದು ಎರಡನೆಯ ಬೆಂಚಿನ ರಾಜೇಸಾಬ ಕೂಗಿದ.

"ತಿರುಗದ ಹೆಂಗ ನನಗ ನಾಕೂ ಗ್ವಾಡಿ ಕಂಡೂವೋ, ಶಾಣ್ಯಾ? ಮೊದಲ ಅಕ್ಕೋರ ಹಿಂದ ಕರಿಹಲಗಿ ಇತ್ತು. ಆಮ್ಯಾಲೆ ಕಿಟಕಿ ಬಂತು, ಹಿಂದಿನ ಗ್ವಾಡಿ ಬಂತು, ಬಾಗಲಾ ಬಂತು. ತಿರುಗದಂಗ ನೀ ಸುತ್ತು ನೋಡೂಣು. ಕರಿಹಲಗಿ ಬಿಟ್ಟು ಮಾರಿ ಸರಸಬಾರದು."

ರಾಜೇಸಾಬ ಎದ್ದು ಬಂದ. ಕರಿಹಲಗೆಗೆ ನೆಟ್ಟ ಮುಖವನ್ನು ಸರಿಸದೆ ಏಡಿಯಂತೆ ಅಡ್ಡಡ್ಡ ನಡೆದ. ಹಲಗೆಗೂ ಅಕ್ಕೋರಿಗೂ ನಡುವೆ ಬಂದಾಗ ಅವನ ಅಂಗಿಯ ಬೆನ್ನಿನ ಮೇಲಿನ ಶಾಯಿಯ ಕಲೆ ಅಂಬುಜಾರ ಕಣ್ಣಿಗೆ ನೇರವಾಗಿ ಬಿತ್ತು.

"ಬೆನ್ನು! ನಿನ್ನ ಬೆನ್ನು ಕಾಣ್ತೋ!" ಎಂದು ಅವರು ಚಪ್ಪಾಳೆ ತಟ್ಟಿದರು. ತಿರುಗದಿದ್ದರೆ ಬೆನ್ನು ಕಾಣುತ್ತಿತ್ತು. ಒಂದು ಸುತ್ತಿಗೆ ಸರಿಯಾಗಿ ಒಂದು ಬಾರಿ ತಿರುಗುವುದರಿಂದಲೇ ಕಾಣುವುದಿಲ್ಲ. ಮುಂದೆ ಹಿಮ್ಮುಖವಾಗಿ ನಡೆಯಬೇಕಾಗಿ ಬಂದ ರಾಜೇಸಾಬ ಬೆಂಚಿಗೆ ತಾಗಿ ಬಿದ್ದ. ನಗು ಪಕ್ಕದ ತರಗತಿಯವರೆಗೂ ಕೇಳಿಸಿತು.

ಶನಿವಾರ ಡಾ. ನದಾಫ್ ಬಂದರು. ಉದ್ದನೆಯ, ನಾಚಿಕೆ ಸ್ವಭಾವದ ಮನುಷ್ಯ. ಹೆಡ್‌ಮಾಸ್ತರು ಹೊಸ ಟೋಪಿ ಹಾಕಿಕೊಂಡು ಗೋಡೆಯ ಪಕ್ಕವೇ ನಿಂತರು. ಅಂಬುಜಾ ಗ್ರಹಣದ ಪಾಠ ಹೇಳಿ, "ತಿಳೀತೇನ್ರೋ?" ಎಂದು ಕೇಳಿದರು.

"ಅರ್ಧ ತಿಳೀತ್ರಿ."

"ನನಗ ತಿಳೀಲಿಲ್ರಿ. ತಿಂಗಳಾ ತಿಂಗಳಾ ಯಾಕ ಗ್ರಹಣ ಆಗಂಗಿಲ್ಲ?"

"ನೀ ಸುಮ್ಮಿರು, ನಾ ಮೊದಲ ಕೈ ಎತ್ತೀನಿ!"

ಒಟ್ಟು ಕೂಗು ಏಳಲೇ ಇಲ್ಲ. ಗೋಡೆ ಬರಿದಾಗಿ ಉಳಿಯಿತು. ಹಸಿರೂ ಇಲ್ಲ, ಕೆಂಪೂ ಇಲ್ಲ. ಹೆಡ್‌ಮಾಸ್ತರು ಬೆಳಕಿನ ಪೆಟ್ಟಿಗೆಯನ್ನು ಎರಡು ಬಾರಿ ತಟ್ಟಿದರು.

"ಯಂತ್ರ ಕೆಟ್ಟೈತೇನ್ರಿ, ಸಾಹೇಬ್ರ?"

"ಇಲ್ರಿ" ಎಂದರು ವಿಜ್ಞಾನಿ, ಗೋಡೆಯನ್ನೇ ನೋಡುತ್ತ. "ಎಲ್ಲಾರೂ ಕೂಡಿ ಹೌದು ಅಂದಾಗ ಒಳಗ ಅಡಗಿದ 'ಇಲ್ಲ'ವನ್ನ ಹುಡುಕೂದು ಇದರ ಕೆಲಸ. ಇಲ್ಲೆ ಅಡಗಿಸೂದ ನಿಂತದ. ಯಂತ್ರ ಕೆಟ್ಟಿಲ್ಲ, ನಿರುದ್ಯೋಗಿ ಆಗ್ಯದ." ಹತ್ತು ವರ್ಷ ದುಡಿದು ಕಟ್ಟಿದ ಸಾಧನ ಕೈಚೆಲ್ಲಿ ಕುಳಿತಿರುವುದನ್ನು ಕಂಡು ಅವರಿಗೆ ದುಃಖವಾಗಬೇಕಿತ್ತು. ಯಾಕೋ ನಗು ಬರುತ್ತಿತ್ತು.

"ಸರ್" ಎಂದು ದಾನಮ್ಮ ಎದ್ದು ನಿಂತಳು. "ತಡಾ ಮಾಡಿ ಕೂಗಿದವರಿಗೆ ತಿಳಿದಿಲ್ಲ ಅಂತ ನಿಮ್ಮ ಯಂತ್ರ ಅಂತೈತಿ. ತಿಳಿದೂ ವಿಚಾರ ಮಾಡಿ ಮಾತಾಡಾವ್ರು ಇರ್ತಾರಲ್ರಿ? ಅವರೂ ತಡಾ ಮಾಡ್ತಾರ. ಇವರು ಅವರು ಅಂತ ಅದಕ್ಕ ಹೆಂಗ ಗೊತ್ತಾಗ್ತೈತಿ?"

ಡಾ. ನದಾಫ್ ಬರಿಗೋಡೆಯತ್ತ ತಿರುಗಿದರು. ದೇಶದ ಸಾವಿರಾರು ಗೋಡೆಗಳ ಮೇಲೆ ಆ ಗಳಿಗೆಯಲ್ಲಿ ಈಜುತ್ತಿದ್ದ ಕೆಂಪು ಚುಕ್ಕೆಗಳನ್ನೆಲ್ಲ ಅವರು ನೆನೆಯುತ್ತಿರುವಂತೆ ಕಂಡಿತು. ಯಾರೂ ಅವಸರ ಮಾಡಲಿಲ್ಲ. ತರಗತಿ ಅವರ ಮೌನವನ್ನು ಬಹಳ ಗೌರವದಿಂದ ಕಾಯಿತು.

"ನನಗ ಗೊತ್ತಿಲ್ಲವ್ವ" ಎಂದರು ಕೊನೆಗೆ.

ಆಮೇಲೆ ಎರಡನೆಯ ಬೆಂಚಿನ ಬಳಿಗೆ ಹೋಗಿ, "ಸ್ವಲ್ಪ ಸರೀರೋ, ನನಗೂ ಜಾಗಾ ಕೊಡ್ರಿ" ಎಂದು ರಾಜೇಸಾಬನ ಪಕ್ಕದಲ್ಲಿ ಮೊಣಕಾಲು ಮಡಚಿಕೊಂಡು ಕುಳಿತರು.